ಸೇವಾ ಷರತ್ತಿನ ಸ್ಕಾಲರ್‌ಶಿಪ್: ಬಾಂಡೂ ಅಲ್ಲ, ಪುಕ್ಕಟೆಯೂ ಅಲ್ಲ

ನೀಟ್ ಫಲಿತಾಂಶ ಬಂದ್ರೆ ಸಾಕು, ಕಲಬುರಗಿಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಶುರು: ‘ಸ್ಕಾಲರ್‌ಶಿಪ್ ಅಂದ್ರೂ ಬಾಂಡ್ ಅಂದ್ರೂ ಒಂದೇರೀ, ಹಳ್ಳಿಗೆ ಹಾಕ್ತಾರೆ.’ ಒಂದೇ ಅಲ್ಲ. ಓದುವಾಗ ಹಣ ಕೊಟ್ಟು ಆಮೇಲೆ ಸೇವೆ ಕೇಳೋದು ಸೇವಾ ಷರತ್ತಿನ ಸ್ಕಾಲರ್‌ಶಿಪ್, ಹಾಗೆ ಹಣ ಕೊಡದೆ ಸೇವೆ ಕಡ್ಡಾಯ ಮಾಡೋದು ಬಾಂಡ್. ಎಷ್ಟು ಸಲ ಹೇಳೋದು?

ನಮ್ಮ ಭಾಗದ ಹಳಬರಿಗೆ ಈ ಗೊಂದಲ ಬರಬಾರದಿತ್ತು. ನಿಜಾಮರ ಕಾಲದ ‘ವಜೀಫಾ’ ಅವರಿಗೆ ಗೊತ್ತು. ಓದೋ ಹುಡುಗರಿಗೆ ಕೊಡುವ ಹಣ ವಜೀಫಾ, ನಿವೃತ್ತರ ಪಿಂಚಣಿಯೂ ವಜೀಫಾ. ಉರ್ದುವಿನಲ್ಲಿ ದಿನಾ ತಪ್ಪದೆ ಪಠಿಸುವ ಜಪಕ್ಕೂ ಅದೇ ಹೆಸರು. ಪದ ಬಂದದ್ದು ಅರಬ್ಬಿಯಿಂದ, ಅಲ್ಲಿ ಇವತ್ತು ಅದರ ಅರ್ಥ ನೌಕರಿ. ಹಣ, ಮಾಡಲೇಬೇಕಾದ ಕೆಲಸ, ಎರಡೂ ಒಂದೇ ಪದದಲ್ಲಿ ಕೂತಿವೆ. ನಮ್ಮ ‘ವಿದ್ಯಾರ್ಥಿವೇತನ’ದಲ್ಲೂ ವೇತನ ಇದೆ ನಿಜ, ಆದ್ರೆ ಅದಕ್ಕೆ ಕೆಲಸ ಮಾಡಬೇಕು ಅಂತ ಯಾರೂ ಅಂದುಕೊಳ್ಳಲ್ಲ.

ಸೇವಾ ಷರತ್ತಿನ ಸ್ಕಾಲರ್‌ಶಿಪ್ ಆ ವಜೀಫಾದ ಜಾತಿಯದು. ಅಮೆರಿಕ ಸರ್ಕಾರದ ಆರೋಗ್ಯ ಸೇವಾ ಯೋಜನೆ ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್ ನೋಡಿ. 1970ರ ಕಾಯ್ದೆಯಿಂದ ಹುಟ್ಟಿದ್ದು. ಓದುವಾಗ ಫೀಸು ಕಟ್ಟುತ್ತದೆ, ತಿಂಗಳ ಖರ್ಚಿಗೂ ಕೊಡುತ್ತದೆ. ಓದು ಮುಗಿದ ಮೇಲೆ ವೈದ್ಯರ ಕೊರತೆ ಇರುವ ಕಡೆ ಕನಿಷ್ಠ 2 ವರ್ಷ ದುಡಿಯಬೇಕು. ಹೋಗದೆ ಕೈಕೊಟ್ಟರೆ ಪಡೆದದ್ದರ 3 ಪಟ್ಟು, ಬಡ್ಡಿ ಬೇರೆ. ಜಾಸ್ತಿ ಅನ್ನಿಸ್ತಾ? ಪಡೆದಷ್ಟೇ ವಾಪಸ್ ಕೊಟ್ಟು ಪಾರಾಗಬಹುದಾಗಿದ್ರೆ ಅದು ಅಗ್ಗದ ಸಾಲ ಆಗ್ತಿತ್ತು ಅಷ್ಟೇ.

ಬಾಂಡ್ ಬೇರೆ. ಕರ್ನಾಟಕ 2012ರ ಕಾಯ್ದೆಯಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ 1 ವರ್ಷದ ಸೇವೆ ಕಡ್ಡಾಯ ಮಾಡಿತು. ಅದಕ್ಕೆಂದು ಓದುವಾಗ ಯಾರೂ ತಿಂಗಳ ಖರ್ಚು ಕೊಡಲಿಲ್ಲ. ಸೇವೆಯ ವರ್ಷದ ಸಂಬಳ ಆ ವರ್ಷದ ದುಡಿಮೆಗೆ. ಸ್ಕಾಲರ್‌ಶಿಪ್ ಬೇಡ ಅನ್ನೋರು ಅರ್ಜಿ ಹಾಕದಿದ್ರೆ ಆಯ್ತು. ಕಾಯ್ದೆಗೆ ಹಾಗೆ ಹೇಳಕ್ಕಾಗುತ್ತಾ? ಇನ್ನು ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ವೈದ್ಯಕೀಯ ಕಾಲೇಜುಗಳಲ್ಲಿ ಇಂಟರ್ನ್‌ಗಳಿಗೆ ಬರುವ ಶಿಷ್ಯವೇತನವನ್ನೂ ಇದರೊಳಗೆ ಸೇರಿಸಬೇಡಿ. ಅದು ರಾತ್ರಿಪಾಳಿ ಮಾಡಿ ಗಳಿಸಿದ್ದು.

ಇನ್ನೊಂದು. ಈ ಸ್ಕಾಲರ್‌ಶಿಪ್ ಹೃದಯ ತಜ್ಞರನ್ನು ತಯಾರು ಮಾಡೋಕೆ ಅಲ್ಲ. ಕೊರತೆ ಇರೋದು ಜ್ವರ, ಬಿಪಿ, ಬಸಿರು, ಬಾಣಂತನ ನೋಡುವವರದ್ದು. ಅದಕ್ಕೇ ಅಮೆರಿಕದಲ್ಲಿ ವೈದ್ಯರ ಜೊತೆ ದಂತವೈದ್ಯರು, ತಾವೇ ರೋಗಿ ನೋಡಿ ಔಷಧಿ ಬರೆಯುವ ನರ್ಸ್ ಪ್ರಾಕ್ಟಿಷನರ್‌ಗಳು, ಹೆರಿಗೆ ಮಾಡಿಸುವ ನರ್ಸ್‌ಗಳೂ ಇದನ್ನು ಪಡೆಯಬಹುದು. ನಮ್ಮಲ್ಲಿ ಬಯಲುಸೀಮೆಯ ಲೆಕ್ಕ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ). ಆದ್ರೂ ಗ್ರೂಪಿನಲ್ಲಿ ‘ಪ್ರಾಥಮಿಕ’ ಅಂದ ಕೂಡಲೇ ಡಾಕ್ಟರ್ ಒಬ್ಬರೇ ನೆನಪಾಗ್ತಾರೆ. ಯಾದಗಿರಿಯ ತಾಂಡಾದಲ್ಲಿ ಬಿಪಿ ನೋಡೋಕೆ ಮನೆ ಬಾಗಿಲಿಗೆ ಬರೋರು ಯಾರು ಅಂತ ಅಲ್ಲಿಯವರನ್ನೇ ಕೇಳಿ.