ಮೊಳೆ ಎಲ್ಲಿ ಹೊಡೆಯಬೇಕು?

ಕಲಬುರಗಿಯ ಒಂದು ಗ್ಯಾಲರಿಗೆ ಈ ತಿಂಗಳು ವಾರ್ಷಿಕೋತ್ಸವ. ಅದಕ್ಕೆ ಸಮೂಹ ಪ್ರದರ್ಶನ. ಗೋಡೆ ಮೇಲೆ ಚಿತ್ರ ಜೋಡಿಸುವ ಕೆಲಸ ನನ್ನದು. "ಅದರಲ್ಲೇನಿದೆ, ಮೊಳೆ ಹೊಡೆದು ನೇತು ಹಾಕೋದು ತಾನೇ?" ಅನ್ನುವವರು ಈಗಲೂ ಸಿಗುತ್ತಾರೆ. ಆ ಮೊಳೆಯ ಬಗ್ಗೆಯೇ ಸ್ವಲ್ಪ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ದೇವರ ಫೋಟೋ, ಹಿರಿಯರ ಫೋಟೋ ಬಾಗಿಲ ಮೇಲೆ ಇರುತ್ತವೆ. ಕತ್ತೆತ್ತಿ ನೋಡಿ, ಕೈ ಮುಗಿದು ರೂಢಿ. ಗ್ಯಾಲರಿಗೆ ಬಂದರೂ ಕೈ ತಾನಾಗಿ ಮೇಲಕ್ಕೇ ಹೋಗುತ್ತದೆ. ಆದರೆ ಇಲ್ಲಿ ಚಿತ್ರದ ನಡುಭಾಗ ನೋಡುವವರ ಕಣ್ಣಿನ ಮಟ್ಟಕ್ಕೆ ಬರಬೇಕು. ನಾನು ನೆಲದಿಂದ 58 ಇಂಚು ಇಟ್ಟುಕೊಳ್ಳುತ್ತೇನೆ. ಫ್ರೇಮ್ 24 ಇಂಚು ಎತ್ತರ, ಹಿಂದಿನ ತಂತಿ ಎಳೆದಾಗ ಮೇಲಂಚಿನಿಂದ 3 ಇಂಚು ಕೆಳಗೆ ನಿಲ್ಲುತ್ತದೆ ಅನ್ನಿ. 58ಕ್ಕೆ ಫ್ರೇಮಿನ ಅರ್ಧ, ಅಂದರೆ 12 ಕೂಡಿಸಿ, 3 ಕಳೆದರೆ 67. ಮೊಳೆ ಅಲ್ಲಿ. ಮೊದಲ ದಿನ ನಮ್ಮ ಹುಡುಗ, "ಸರ, ಭಾಳ ಕೆಳಗ ಆಯ್ತಲ್ರಿ" ಎಂದ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡು ಎಂದೆ. ನೋಡಿದ, ಸುಮ್ಮನಾದ.

ಇದೇ ಊರಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರಿಗೆ ದೇವರನ್ನು ಬರೆದರು. ಆ ದೇವರು ಎಷ್ಟೋ ಮನೆಗಳಲ್ಲಿ ಮೊಳೆಯಿಂದ ನೇತಾಡಿದ್ದು ತಲೆಗಿಂತ ಮೇಲೆಯೇ. ಕ್ಯಾಲೆಂಡರ್ ಅಲ್ಲದೆ ಮೂಲ ಚಿತ್ರ ಎದುರಿಗೆ ಬಂದಾಗ ಅದನ್ನೂ ಅಷ್ಟೇ ಮೇಲೆ ಹಾಕಿದರೆ ಕುಂಚದ ಎಳೆ ಕಾಣುವುದಿಲ್ಲ, ಅಲ್ವಾ?

ವಾರ್ಷಿಕೋತ್ಸವದ ದೊಡ್ಡ ಕಾಯಿಲೆ ಬೇರೆ. ಯಾರನ್ನೂ ಬಿಡುವ ಹಾಗಿಲ್ಲ. ಮದುವೆ ಫೋಟೋದಲ್ಲಿ ಎಲ್ಲರೂ ಒತ್ತಿಕೊಂಡು ನಿಂತ ಹಾಗೆ ಗೋಡೆ ತುಂಬಿಬಿಡುತ್ತದೆ. 30 ಅಡಿ ಗೋಡೆಗೆ ಎರಡಡಿ ಅಗಲದ ಚಿತ್ರ, ನಡುವೆಯೂ ಎರಡು ತುದಿಗೂ ಒಂದೂವರೆ ಅಡಿ ಖಾಲಿ ಬಿಟ್ಟರೆ 8 ಹಿಡಿಯುತ್ತವೆ. ನನ್ನ ಕೈಗೆ ಬಂದದ್ದು 13. ಐದನ್ನು ಒಳಕೋಣೆಗೆ ಕಳಿಸಿದೆ. ಬೈಗುಳ ತಿಂದೆ.

ಮೊಳೆಗೆ ಮುಂಚೆ ಎಲ್ಲವನ್ನೂ ಶಹಾಬಾದ್ ಪರಸಿಯ ಮೇಲೆ ಹಳೆ ಜಮಖಾನ ಹಾಸಿ, ಗೋಡೆಗೆ ಒರಗಿಸಿ ಇಡುತ್ತೇನೆ. ಒಂದು ದಿನ ಹಾಗೇ ಬಿಡುತ್ತೇನೆ. ಸುರಪುರದ ಹಳೆ ಶೈಲಿಯಲ್ಲಿ ಚಿನ್ನದ ರೇಖು ಹಚ್ಚಿದ ಸಣ್ಣ ಚಿತ್ರವೊಂದು ಬಂದಿತ್ತು. ಅದರ ಪಕ್ಕ ಆರಡಿಯ ಕೆಂಪು ಕ್ಯಾನ್ವಾಸ್. ಬೆಳಿಗ್ಗೆ ನೋಡಿದರೆ ಸಣ್ಣದು ಇಲ್ಲವೇ ಇಲ್ಲ ಅನ್ನುವ ಹಾಗಿತ್ತು. ಅದಕ್ಕೆ ಮೂಲೆಯೊಂದನ್ನು ಒಂಟಿಯಾಗಿ ಕೊಟ್ಟೆ. ಈಗ ಜನ ಮೂಗು ತಾಗಿಸುವಷ್ಟು ಹತ್ತಿರ ಹೋಗುತ್ತಾರೆ.

ಬೆಳಕಿನ ವಿಷಯ ಚಿಕ್ಕದಾಗಿ: ಜಲವರ್ಣಕ್ಕೆ 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಸಾಕು, ತೈಲವರ್ಣಕ್ಕೆ 200. ಬೀದರಿನ ಬಿದರಿ ಕೆಲಸಕ್ಕೆ ಮಾತ್ರ ಲೆಕ್ಕ ಬೇರೆ. ಸತುವಿನ ಮೇಲೆ ಬೆಳ್ಳಿ ಕೂರಿಸಿ, ಕೋಟೆ ಮಣ್ಣು, ನವಸಾಗರ ಹಾಕಿ ಕಪ್ಪು ಮಾಡಿದ್ದು ಅದು. ನೇರ ದೀಪ ಬಿಟ್ಟರೆ ಬೆಳ್ಳಿ ಕಣ್ಣಿಗೆ ಹೊಡೆಯುತ್ತದೆ. ಓರೆಯಾಗಿ ಬಿಟ್ಟರೆ ಬಳ್ಳಿ ಬಳ್ಳಿಯೂ ಕಾಣುತ್ತದೆ.

ಇನ್ನು ಹೆಸರಿನ ಚೀಟಿ. ಒಮ್ಮೆ ಮೇ ತಿಂಗಳಲ್ಲಿ ಎರಡು ಬದಿ ಅಂಟಿನ ಟೇಪ್ ನಂಬಿದ್ದೆ. ನಮ್ಮ ಬಿಸಿಲಿಗೆ ಅಂಟು ಕರಗಿ, ರಾತ್ರಿ ಅರ್ಧ ಚೀಟಿ ನೆಲಕ್ಕೆ ಬಿದ್ದಿದ್ದವು. ಕಸ ಗುಡಿಸುವಾಕೆ ಪಾಪ ತಿಳಿದಂತೆ ಅಂಟಿಸಿದ್ದಳು. ಅತಿಥಿಗಳು ಒಬ್ಬರ ಚಿತ್ರ ನೋಡಿ ಇನ್ನೊಬ್ಬರನ್ನು ಬಾಯಿ ತುಂಬ ಹೊಗಳಿದರು.

ಈ ಸಲ ಉಳಿದಿರುವ ಜಗಳ ಒಂದೇ. ಗ್ಯಾಲರಿ ಕಟ್ಟಿದ ಹಿರಿಯರ ಜಲವರ್ಣ ಬಾಗಿಲ ಎದುರಿನ ಗೋಡೆಯಲ್ಲೇ ಇರಬೇಕಂತೆ. ಬಾಗಿಲು ಪಶ್ಚಿಮಕ್ಕೆ. ಸಂಜೆ ಬಿಸಿಲು ನೇರ ಆ ಗೋಡೆಗೇ ಬೀಳುತ್ತದೆ, ಬಣ್ಣ ಮಾಸುತ್ತದೆ. ಅವರನ್ನೇ ಕರೆದು ನಾಲ್ಕೂವರೆಗೆ ಅಲ್ಲಿ ನಿಲ್ಲಿಸಿದೆ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, "ಹಂಗಾದ್ರ ಬಾಗಲಕ್ಕ ಪರದೆ ಹಾಕ್ಸ್ರಿ" ಎಂದರು. ನಾಳೆ ದರ್ಜಿ ಅಳತೆಗೆ ಬರುತ್ತಾನೆ.