ರೇಸ್ ಕಾರಿನ ಟೈರ್ ಅಷ್ಟು ಬೇಗ ಸವೆಯುವುದೇಕೆ?

ಓದುಗರ ಪ್ರಶ್ನೆ: ನಮ್ಮ ಮನೆಯ ಕಾರಿನ ಟೈರ್‌ಗಳು 40 ಸಾವಿರ ಕಿ.ಮೀ. ಓಡಿದ ಮೇಲೂ ಚೆನ್ನಾಗಿವೆ. ಆದರೆ ಫಾರ್ಮುಲಾ ಒನ್ ರೇಸ್‌ನಲ್ಲಿ ನೂರು–ನೂರೈವತ್ತು ಕಿ.ಮೀ. ಓಡುವಷ್ಟರಲ್ಲಿ ನಾಲ್ಕೂ ಟೈರ್ ಬಿಚ್ಚಿ ಹೊಸದು ಹಾಕುತ್ತಾರೆ. ಅವೂ ಬೋಳು ಟೈರ್‌ಗಳೇ. ಇಷ್ಟೊಂದು ಹಣ, ಇಷ್ಟೊಂದು ಎಂಜಿನಿಯರ್‌ಗಳಿದ್ದೂ ಒಂದು ರೇಸ್ ಪೂರ್ತಿ ಬಾಳುವ ಟೈರ್ ಮಾಡಲು ಅವರಿಗೆ ಆಗುವುದಿಲ್ಲವೇ? ಬಿಚ್ಚಿದ ಟೈರ್‌ಗಳನ್ನು ರೀಟ್ರೆಡ್ ಮಾಡಿಸಿ ಮತ್ತೆ ಬಳಸುತ್ತಾರೆಯೇ?
– ಓದುಗರೊಬ್ಬರು, ಬಸವೇಶ್ವರನಗರ, ಬೆಂಗಳೂರು

ಉತ್ತರ: ಬಾಳುವ ಟೈರ್ ಮಾಡಲು ಖಂಡಿತ ಆಗುತ್ತದೆ, ಹಿಂದೆ ಮಾಡಿಯೂ ಇದ್ದಾರೆ. 2005ರ ಫಾರ್ಮುಲಾ ಒನ್ ಋತುವಿನಲ್ಲಿ ಅರ್ಹತಾ ಸುತ್ತಿನಿಂದ ಹಿಡಿದು ರೇಸ್ ಮುಗಿಯುವವರೆಗೆ ಒಂದೇ ಸೆಟ್ ಟೈರ್‌ನಲ್ಲಿ ಓಡಬೇಕೆಂಬ ನಿಯಮವೇ ಇತ್ತು. ಇಂದು ಟೈರ್ ಬೇಗ ಸವೆಯುವುದಕ್ಕೆ ಒಂದು ಕಾರಣ ರಬ್ಬರಿನ ಸ್ವಭಾವ, ಇನ್ನೊಂದು ರೇಸ್ ನಡೆಸುವವರು ಬೇಕೆಂದೇ ಮಾಡಿಕೊಂಡ ಆಯ್ಕೆ. ಟಿವಿಯಲ್ಲಿ ರೇಸ್ ನೋಡುವವರಿಗೆ ಈ ಎರಡನೆಯ ಕಾರಣ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ನಿಮ್ಮ ಸಂಶಯ ಸಹಜವಾದುದೇ.

ಮೊದಲು ರಬ್ಬರಿನ ವಿಷಯ. ನೆಲವನ್ನು ಹಿಡಿಯುವ ಗುಣ ಮತ್ತು ಬಾಳಿಕೆ ಇವೆರಡನ್ನೂ ಒಂದೇ ಟೈರ್‌ನಲ್ಲಿ ಪೂರ್ತಿಯಾಗಿ ತರಲು ಬರುವುದಿಲ್ಲ. ಶಾಲಾ ಮಕ್ಕಳ ಕಂಪಾಸ್ ಬಾಕ್ಸ್‌ನಲ್ಲಿರುವ ಮೆತ್ತನೆಯ ರಬ್ಬರ್ ಪೆನ್ಸಿಲ್ ಗೆರೆಯನ್ನು ಚೆನ್ನಾಗಿ ಅಳಿಸುತ್ತದೆ, ಆದರೆ ಪುಡಿ ಉದುರಿಸುತ್ತ ಬೇಗ ಮುಗಿದುಹೋಗುತ್ತದೆ. ಗಟ್ಟಿ ರಬ್ಬರ್ ವರ್ಷವಿಡೀ ಉಳಿಯುತ್ತದೆ, ಅಳಿಸುವುದು ಮಾತ್ರ ಅಷ್ಟಕ್ಕಷ್ಟೆ. ಟೈರ್‌ನಲ್ಲಿ ನಡೆಯುವುದೂ ಇದೇ. ನಯವಾಗಿ ಕಾಣುವ ಡಾಂಬರು ರಸ್ತೆಯ ಮೇಲ್ಮೈ ನಿಜಕ್ಕೂ ಸಣ್ಣ ಜಲ್ಲಿಯ ಚೂಪು ಮೊನೆಗಳಿಂದ ತುಂಬಿರುತ್ತದೆ. ಮೆತ್ತನೆಯ ರಬ್ಬರ್ ಆ ಮೊನೆಗಳ ನಡುವೆ ಇಳಿದು, ಅವುಗಳ ಆಕಾರಕ್ಕೆ ತಕ್ಕಂತೆ ಬಾಗಿ, ಹಿಂದಿನ ರೂಪಕ್ಕೆ ಬರಲು ಒಂದಿಷ್ಟು ತಡ ಮಾಡುತ್ತದೆ. ಆ ತಡವೇ ಹಿಡಿತವಾಗುತ್ತದೆ, ಆ ಬಾಗುವಿಕೆಯಲ್ಲಿ ವ್ಯಯವಾದ ಶಕ್ತಿ ಶಾಖವಾಗುತ್ತದೆ. ಹಾಗಾಗಿ ಹಿಡಿತ ಹೆಚ್ಚಿದಷ್ಟೂ ಬಿಸಿ ಹೆಚ್ಚು, ಸವೆತವೂ ಹೆಚ್ಚು.

ಈ ಹಿಡಿತದ ಮೇಲೆ ಬೀಳುವ ಭಾರ ಎಷ್ಟೆಂದು ನೋಡಿ. ನಮ್ಮ ಊರಿನ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರಿನ ಎಂಜಿನ್ 80–90 ಅಶ್ವಶಕ್ತಿಯದು. ಫಾರ್ಮುಲಾ ಒನ್ ಕಾರಿನದು ಸುಮಾರು 1,000. ವೇಗ ಹೆಚ್ಚಿದಂತೆ ಅದರ ರೆಕ್ಕೆಗಳೂ ತಳಭಾಗವೂ ಕಾರನ್ನು ನೆಲಕ್ಕೆ ಒತ್ತುತ್ತವೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಗಾಳಿಯ ಈ ಒತ್ತಡ ಕಾರಿನ ತೂಕವನ್ನೂ ಮೀರುತ್ತದೆ. ಅಂತಹ ಕಾರು ತಿರುವಿನಲ್ಲಿ ಗುರುತ್ವದ ನಾಲ್ಕೈದು ಪಟ್ಟು ಬಲದಿಂದ ಹೊರಕ್ಕೆ ಜಗ್ಗುತ್ತಿರುವಾಗ ಅದನ್ನು ದಾರಿಯಲ್ಲಿ ಉಳಿಸುವುದು ನೆಲಕ್ಕೆ ತಾಗಿರುವ ನಾಲ್ಕು ತುಂಡು ರಬ್ಬರ್ ಮಾತ್ರ. ಹೊರ ವರ್ತುಲ ರಸ್ತೆಯ ದಟ್ಟಣೆಯಲ್ಲಿ ಗಂಟೆಗಟ್ಟಲೆ ತೆವಳುವ ಕಾರಿನ ಟೈರ್ ಇಂತಹ ಪೆಟ್ಟನ್ನು ತನ್ನ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಕಾಣುವುದಿಲ್ಲ.

ಬೋಳು ಟೈರ್ ಬಗ್ಗೆ ನೀವು ಕೇಳಿದ್ದು ಇದಕ್ಕೆ ಸೇರಿದ್ದೇ. ಟೈರ್ ಮೇಲಿನ ಕಚ್ಚುಗಳು ಹಿಡಿತ ಕೊಡುತ್ತವೆಂದು ಬಹಳ ಜನ ನಂಬಿದ್ದಾರೆ. ಡಾಂಬರು ರಸ್ತೆಯ ಮಟ್ಟಿಗೆ ಅವುಗಳ ಮುಖ್ಯ ಕೆಲಸ ನೀರನ್ನು ಹೊರದಬ್ಬುವುದು. ಒಣ ರಸ್ತೆಯಲ್ಲಿ ಕಚ್ಚು ಇರುವಷ್ಟು ಜಾಗದಲ್ಲಿ ರಬ್ಬರ್ ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಅಲ್ಲಿ ನಷ್ಟವೇ ಹೆಚ್ಚು. ಕಾರುಗಳ ವೇಗ ತಗ್ಗಿಸಬೇಕೆಂದೇ ಫಾರ್ಮುಲಾ ಒನ್ 1998ರಿಂದ 2008ರವರೆಗೆ ಒಣ ರಸ್ತೆಯ ಟೈರ್‌ಗೂ ಗೆರೆ ಕೊರೆಸಿತ್ತು; 2009ರಲ್ಲಿ ಗೆರೆಯಿಲ್ಲದ ಸ್ಲಿಕ್ ಟೈರ್ ಮರಳಿ ಬಂತು. ಮಳೆ ಬಂದರೆ ಮಾತ್ರ ಕಚ್ಚುಗಳಿರುವ ಟೈರ್ ಬೇಕೇ ಬೇಕು. ಜೋರು ಮಳೆಗೆಂದು ಮಾಡಿದ ನೀಲಿ ಪಟ್ಟಿಯ ಟೈರ್ ಗಂಟೆಗೆ 300 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 85 ಲೀಟರ್ ನೀರನ್ನು ಪಕ್ಕಕ್ಕೆ ಚೆಲ್ಲುತ್ತದೆ. ಮನೆಯ ಕಾರಿನ ಟೈರ್ ಸವೆದು ಕಚ್ಚಿನ ಆಳ 1.6 ಮಿ.ಮೀ.ಗೆ ಇಳಿದಾಗ ಬದಲಿಸಬೇಕೆಂಬ ಕಾನೂನು ಇರುವುದೂ ಈ ನೀರಿನ ಕಾರಣಕ್ಕೇ. ಆಗಸ್ಟ್ ತಿಂಗಳ ಒಂದು ಸಂಜೆ ಮಳೆಗೆ ನೀರು ನಿಂತ ಅಂಡರ್‌ಪಾಸ್ ದಾಟಬೇಕಾದ ಕಾರಿನಲ್ಲಿ ಸ್ಲಿಕ್ ಟೈರ್ ಇದ್ದರೆ ಅಪಾಯ ಕಟ್ಟಿಟ್ಟದ್ದು.

ಸ್ಲಿಕ್ ಟೈರ್ ನಮ್ಮ ರಸ್ತೆಗೆ ಹೊಂದದಿರುವುದಕ್ಕೆ ಮತ್ತೊಂದು ಕಾರಣ ಶಾಖ. ರೇಸ್ ಟೈರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ಆಸುಪಾಸಿನಲ್ಲಿ ಮಾತ್ರ ತನ್ನ ಪೂರ್ತಿ ಗುಣ ತೋರಿಸುತ್ತದೆ. ತಣ್ಣಗಿದ್ದರೆ ಅದು ಗಟ್ಟಿಯಾಗಿ ಜಾರುತ್ತದೆ. ಬಿಸಿ ಮಿತಿಮೀರಿದರೆ ಒಳಗಿನ ಶಾಖಕ್ಕೆ ಮೇಲ್ಪದರದಲ್ಲಿ ಗುಳ್ಳೆಗಳೆದ್ದು ತುಂಡುತುಂಡಾಗಿ ಕಿತ್ತು ಬರುತ್ತದೆ. ಹೀಗಾಗಿ ಟೈರ್ ಸವೆದು ತೆಳ್ಳಗಾಗದೆಯೂ ಕೆಡಬಹುದು: ರಬ್ಬರ್ ಸಾಕಷ್ಟು ಉಳಿದಿದ್ದರೂ ಪದೇ ಪದೇ ಕಾದು ಅದರ ಹಿಡಿತ ಹೊರಟುಹೋಗಿರುತ್ತದೆ. ಫಾರ್ಮುಲಾ ಒನ್ ತಂಡಗಳು ಟೈರ್‌ಗಳನ್ನು ವಿದ್ಯುತ್ ಕಂಬಳಿಯಲ್ಲಿ ಸುತ್ತಿ 70 ಡಿಗ್ರಿಗೆ ಕಾಯಿಸಿ ಇಟ್ಟಿರುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಅದರ ಕೆಳಗಿನ ಹಂತವಾದ ಫಾರ್ಮುಲಾ ಟೂ ರೇಸ್‌ನಲ್ಲಿ ಕಂಬಳಿಗೆ ಅವಕಾಶವಿಲ್ಲ. ಟೈರ್‌ಗಳನ್ನು ಚಾಲಕನೇ ತನ್ನ ಚಾಲನೆಯಿಂದ ಬಿಸಿ ಮಾಡಿಕೊಳ್ಳಬೇಕು, ಬೇಗ ಬಿಸಿ ಮಾಡುವ ಆತುರದಲ್ಲಿ ಸುಟ್ಟುಕೊಳ್ಳಲೂಬಾರದು. 2025ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ಮೊನಾಕೊದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಟೂ ಸ್ಪ್ರಿಂಟ್ ರೇಸ್ (ಕಡಿಮೆ ದೂರದ ರೇಸ್) ಗೆದ್ದರು. ಅಲ್ಲಿ ಆ ಹಂತದ ರೇಸ್ ಗೆದ್ದ ಮೊದಲ ಭಾರತೀಯ ಅವರೇ. ಸ್ಪ್ರಿಂಟ್ ರೇಸ್‌ನಲ್ಲಿ ಟೈರ್ ಬದಲಿಸುವ ಕಡ್ಡಾಯವಿಲ್ಲದ ಕಾರಣ, ತಣ್ಣಗೆ ಹೊರಟ ಟೈರ್‌ಗಳನ್ನೇ ಹದಕ್ಕೆ ತಂದು ಕೊನೆಯವರೆಗೂ ಕಾಪಾಡಿಕೊಳ್ಳಬೇಕಾಗಿತ್ತು. ಆ ಗೆಲುವಿನ ಸುದ್ದಿಯಲ್ಲಿ ವೇಗದ ಮಾತೇ ಹೆಚ್ಚಾಗಿ ಬಂತು. ಟೈರ್‌ ನೋಡಿಕೊಳ್ಳುವ ಆ ತಾಳ್ಮೆಯೂ ಅಷ್ಟೇ ಹೊಗಳಿಕೆಗೆ ಅರ್ಹವೆಂದು ನನ್ನ ಅಭಿಪ್ರಾಯ.

ಇನ್ನು ಆಯ್ಕೆಯ ವಿಷಯ. 2010ರ ಅಬುಧಾಬಿ ರೇಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಡ್ಜ್‌ಸ್ಟೋನ್ ಕಂಪನಿ ಫಾರ್ಮುಲಾ ಒನ್‌ಗೆ ಟೈರ್ ಒದಗಿಸಿದ ಕೊನೆಯ ರೇಸ್ ಅದು. ಮೊದಲ ಲ್ಯಾಪ್‌ನಲ್ಲಿ, ಅಂದರೆ ಟ್ರ್ಯಾಕ್‌ನ ಮೊದಲ ಸುತ್ತಿನಲ್ಲಿ, ಅಪಘಾತವಾಗಿ ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬಂದಾಗ ವಿಟಾಲಿ ಪೆಟ್ರೋವ್ ಟೈರ್ ಬದಲಿಸಿಕೊಂಡು ಬಂದವರು, ಉಳಿದ 50ಕ್ಕೂ ಹೆಚ್ಚು ಲ್ಯಾಪ್‌ಗಳನ್ನು ಅದೇ ಟೈರ್‌ನಲ್ಲಿ ಮುಗಿಸಿದರು. ಅವರ ಹಿಂದೆ ಸಿಕ್ಕಿಹಾಕಿಕೊಂಡ ಫೆರಾರಿಯ ಫರ್ನಾಂಡೊ ಅಲೊನ್ಸೊ ಎಷ್ಟು ಹೆಣಗಿದರೂ ದಾಟಲಾಗಲಿಲ್ಲ. ಅಲೊನ್ಸೊ ಕೈಗೆ ಸಮೀಪದಲ್ಲೇ ಇದ್ದ ವಿಶ್ವ ಚಾಂಪಿಯನ್ ಪಟ್ಟ ಸೆಬಾಸ್ಟಿಯನ್ ವೆಟೆಲ್ ಪಾಲಾಯಿತು. ಟೈರ್ ಬಾಳಿಕೆ ಬಂತು, ಆದರೆ ಮುಂದಿನ ಕಾರನ್ನು ದಾಟಲು ಹಿಂದಿನವನಿಗೆ ದಾರಿಯೇ ಉಳಿಯಲಿಲ್ಲ. ಅದೇ ವರ್ಷದ ಕೆನಡಾ ರೇಸ್‌ನಲ್ಲಾದರೋ ಟೈರ್‌ಗಳು ಅನಿರೀಕ್ಷಿತವಾಗಿ ಬೇಗ ಸವೆದು, ತಂಡಗಳ ಲೆಕ್ಕಾಚಾರಗಳೆಲ್ಲ ತಲೆಕೆಳಗಾಗಿ, ನೋಡುವವರಿಗೆ ಹಬ್ಬವಾಗಿತ್ತು. 2011ರಿಂದ ಟೈರ್ ಒದಗಿಸತೊಡಗಿದ ಪಿರೆಲಿ ಕಂಪನಿಗೆ ಕೆನಡಾದಂತಹ ರೇಸ್‌ಗಳು ನಡೆಯುವಂತಹ ಟೈರ್ ಮಾಡಿಕೊಡಬೇಕೆಂದು ಕೇಳಿಕೊಂಡದ್ದು ಈ ಅನುಭವದ ಮೇಲೆಯೇ.

ಒಣ ರಸ್ತೆಯ ರೇಸ್‌ಗೆ ಮೂರು ಬಗೆಯ ರಬ್ಬರ್ ತರುತ್ತಾರೆ: ಬಿಳಿ ಪಟ್ಟಿಯದು ಗಟ್ಟಿ, ಹಳದಿಯದು ಮಧ್ಯಮ, ಕೆಂಪಿನದು ಮೆತ್ತನೆಯದು. ಇವುಗಳಲ್ಲಿ ಕನಿಷ್ಠ ಎರಡನ್ನಾದರೂ ಬಳಸಲೇಬೇಕೆಂಬ ನಿಯಮವಿರುವುದರಿಂದ ಒಮ್ಮೆಯಾದರೂ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಟೈರ್ ಬದಲಿಸುವ ಜಾಗಕ್ಕೆ, ಬರುವುದು ಅನಿವಾರ್ಯ. ಟೈರ್ ಬದಲಿಸುವ ಕೆಲಸಕ್ಕೆ ಹಿಡಿಯುವುದು ಎರಡರಿಂದ ಮೂರು ಸೆಕೆಂಡು. 2023ರ ಕತಾರ್ ರೇಸ್‌ನಲ್ಲಿ ಮ್ಯಾಕ್ಲಾರೆನ್ ತಂಡ 1.80 ಸೆಕೆಂಡಿನಲ್ಲಿ ಮುಗಿಸಿ ದಾಖಲೆ ಬರೆಯಿತು. ಆದರೆ ಪಿಟ್ ಲೇನ್‌ನಲ್ಲಿ ನಿಧಾನವಾಗಿ ಹೋಗಿ ಬರುವುದೆಲ್ಲ ಸೇರಿದರೆ ಸುಮಾರು 20 ಸೆಕೆಂಡು ಕಳೆದುಹೋಗುತ್ತದೆ. ಹೊಸ ಟೈರ್‌ನಿಂದ ಲ್ಯಾಪ್‌ಗೆ ಒಂದೂವರೆ ಸೆಕೆಂಡು ಉಳಿಯುವುದಾದರೆ 14 ಲ್ಯಾಪ್‌ಗಳಲ್ಲಿ ಆ ನಷ್ಟ ತುಂಬಿಬರುತ್ತದೆ. ಅದಕ್ಕಿಂತ ಕಡಿಮೆ ಲ್ಯಾಪ್ ಉಳಿದಿದ್ದರೆ ಹಳೆಯದರಲ್ಲೇ ಓಡುವುದು ಲಾಭ. ರೇಸ್ ನಡೆಯುವಾಗ ತಂಡಗಳು ಕ್ಷಣಕ್ಷಣಕ್ಕೂ ಮಾಡುತ್ತಿರುವ ಲೆಕ್ಕ ಇದೇ. ಟೈರ್ ಸವೆತವನ್ನು ಹೀಗೆ ಬೇಕೆಂದೇ ತರುವುದು ಕೃತಕವೆಂದು ಆಕ್ಷೇಪಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಪೂರ್ತಿ ಬಲದಿಂದ ಓಡಿಸುವುದೋ, ಟೈರ್ ಉಳಿಸಿಕೊಂಡು ಕೊನೆಗೆ ಎರಗುವುದೋ ಎಂಬ ತೀರ್ಮಾನವನ್ನು ಚಾಲಕನ ಕೈಗೆ ಕೊಡದಿದ್ದರೆ ರೇಸ್ ಬರೀ ಎಂಜಿನ್‌ಗಳ ಸ್ಪರ್ಧೆಯಾಗುತ್ತದೆ.

ಬಾಳಿಕೆಯನ್ನೇ ನಿಯಮ ಮಾಡಿದಾಗ ಏನಾಯಿತು ಎಂಬುದನ್ನು 2005ರ ಜೂನ್ 19ರ ಅಮೆರಿಕ ರೇಸ್‌ನಲ್ಲಿ ಲೋಕವೇ ನೋಡಿತು. ಇಂಡಿಯಾನಾಪೊಲಿಸ್ ಟ್ರ್ಯಾಕ್‌ನ ಓರೆಯಾಗಿ ಎತ್ತರಿಸಿದ ಕೊನೆಯ ತಿರುವಿನಲ್ಲಿ ಮಿಷೆಲಿನ್ ಟೈರ್‌ಗಳ ಪಕ್ಕಭಾಗ ತಾಳದೆ, ಶುಕ್ರವಾರದ ಅಭ್ಯಾಸದಲ್ಲೇ ರಾಲ್ಫ್ ಶೂಮಾಕರ್ ಅವರ ಕಾರು ಗೋಡೆಗೆ ಬಡಿಯಿತು. ತನ್ನ ಟೈರ್‌ಗಳು ಆ ಟ್ರ್ಯಾಕ್‌ನಲ್ಲಿ ಪೂರ್ತಿ ರೇಸ್‌ಗೆ ಸುರಕ್ಷಿತವಲ್ಲವೆಂದು ಕಂಪನಿಯೇ ಹೇಳಿತು. ಆ ತಿರುವಿನ ವೇಗ ತಗ್ಗಿಸುವ ಬಗ್ಗೆ ಒಪ್ಪಂದ ಕುದುರಲಿಲ್ಲ. ಭಾನುವಾರ 20 ಕಾರುಗಳು ರೇಸ್ ಶುರುವಾಗುವ ಮುನ್ನ ಹಾಕುವ ಫಾರ್ಮೇಷನ್ ಲ್ಯಾಪ್‌ಗೆ ಹೊರಟವು. ಅದು ಮುಗಿಯುತ್ತಿದ್ದಂತೆ ಮಿಷೆಲಿನ್ ಟೈರ್‌ನ 14 ಕಾರುಗಳು ಒಂದರ ಹಿಂದೊಂದು ಪಿಟ್‌ಗೆ ತಿರುಗಿದವು. ಬ್ರಿಡ್ಜ್‌ಸ್ಟೋನ್ ಟೈರ್ ಹಾಕಿದ್ದ ಆರು ಕಾರುಗಳಷ್ಟೇ ಓಡಿದವು. ಆ ಆರರಲ್ಲಿ ಒಬ್ಬರು ಕೊಯಮತ್ತೂರಿನ ನರೇನ್ ಕಾರ್ತಿಕೇಯನ್. ಜೋರ್ಡನ್ ತಂಡದ ಕಾರಿನಲ್ಲಿ ಅವರು ನಾಲ್ಕನೆಯವರಾಗಿ ಮುಗಿಸಿ ಐದು ಅಂಕ ಪಡೆದರು. ಭಾರತೀಯನೊಬ್ಬ ಫಾರ್ಮುಲಾ ಒನ್‌ನಲ್ಲಿ ಗಳಿಸಿದ ಮೊದಲ ಅಂಕಗಳು ಅವು. ಆರೇ ಕಾರು ಓಡಿದ ರೇಸ್ ಎಂದು ಅದನ್ನು ಹಗುರವಾಗಿ ಮಾತಾಡುವುದು ನನಗೆ ಸರಿಯೆನಿಸುವುದಿಲ್ಲ. ಅದೇ ತಿರುವನ್ನು ಪ್ರತಿ ಲ್ಯಾಪ್‌ನಲ್ಲೂ ಅದೇ ಟೈರ್‌ನಲ್ಲಿ ದಾಟಿ ಗುರಿ ಮುಟ್ಟಿದವರಿಗೆ ಆ ಅಂಕಗಳು ನ್ಯಾಯವಾಗಿಯೇ ಸಲ್ಲುತ್ತವೆ. ಮರುವರ್ಷ ಟೈರ್ ಬದಲಿಸುವ ಅವಕಾಶವನ್ನು ಮರಳಿ ಕೊಡಲಾಯಿತು.

ಸವೆದ ರಬ್ಬರ್ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ಟ್ರ್ಯಾಕ್‌ಗೇ ಮೆತ್ತಿಕೊಳ್ಳುತ್ತದೆ. ಉಳಿದದ್ದು ಉರುಟುರುಟಾಗಿ ಉದುರಿ ಬದಿಗೆ ಸೇರುತ್ತದೆ. ಬೆಂಗಳೂರಿನ ಹೊರವಲಯದ ಯಾವುದಾದರೂ ಗೋ-ಕಾರ್ಟ್ ಟ್ರ್ಯಾಕ್‌ಗೆ ಹೋದರೆ ತಿರುವುಗಳ ಹೊರ ಅಂಚಿನಲ್ಲಿ ಈ ಕಪ್ಪು ಚೂರುಗಳನ್ನು ಕೈಯಲ್ಲೇ ಎತ್ತಿ ನೋಡಬಹುದು. ರೇಸ್ ಮುಗಿಸಿ ನಿಧಾನವಾಗಿ ಮರಳುವ ಫಾರ್ಮುಲಾ ಒನ್ ಚಾಲಕರು ಬೇಕೆಂದೇ ಟ್ರ್ಯಾಕ್‌ನ ಅಂಚಿನಲ್ಲಿ ಓಡಿಸಿ ಈ ಚೂರುಗಳನ್ನು ಬಿಸಿ ಟೈರ್‌ಗೆ ಮೆತ್ತಿಸಿಕೊಳ್ಳುತ್ತಾರೆ. ಕಾರು ಇಂತಿಷ್ಟು ಕನಿಷ್ಠ ತೂಕ ಇರಲೇಬೇಕಾದ್ದರಿಂದ, ಅದನ್ನು ತೂಗುವಾಗ ಅಷ್ಟು ತೂಕ ಲಾಭವೆಂದು. ಇದು ಎಷ್ಟು ದೊಡ್ಡ ವಿಷಯವೆಂಬುದು 2024ರ ಬೆಲ್ಜಿಯಂ ರೇಸ್‌ನಲ್ಲಿ ತಿಳಿಯಿತು. ಜಾರ್ಜ್ ರಸೆಲ್ ಒಂದೇ ಸಲ ಟೈರ್ ಬದಲಿಸಿ, ಗಟ್ಟಿ ಟೈರ್‌ನಲ್ಲಿ ಕೊನೆಯ 34 ಲ್ಯಾಪ್‌ ಓಡಿ ಮೊದಲಿಗರಾಗಿ ಬಂದರು. ಇಂಧನ ಬಸಿದು ತೂಗಿದಾಗ ಕಾರು 796.5 ಕೆ.ಜಿ. ಇತ್ತು, ಇರಬೇಕಾದದ್ದು ಕನಿಷ್ಠ 798. ಅಷ್ಟು ಓಡಿದ ಟೈರ್‌ಗಳು ಕಳೆದುಕೊಂಡ ರಬ್ಬರ್ ಈ ಕೊರತೆಗೆ ಒಂದು ಕಾರಣವೆಂದು ಹೇಳಲಾಯಿತು. ಸ್ಪಾ ಟ್ರ್ಯಾಕ್‌ನಲ್ಲಿ ರೇಸ್ ಮುಗಿದ ಮೇಲೆ ಪೂರ್ತಿ ಸುತ್ತು ಹಾಕದೆ ಮೊದಲ ತಿರುವಿನಿಂದಲೇ ಹಿಂತಿರುಗುವ ಪದ್ಧತಿ ಇರುವುದರಿಂದ ಚೂರು ಮೆತ್ತಿಸಿಕೊಳ್ಳಲೂ ದಾರಿ ಇರಲಿಲ್ಲ. ರಸೆಲ್ ಅನರ್ಹರಾಗಿ, ಗೆಲುವು ಲೂಯಿಸ್ ಹ್ಯಾಮಿಲ್ಟನ್ ಅವರಿಗೆ ಹೋಯಿತು.

ಎಲ್ಲ ರೇಸ್‌ಗಳಲ್ಲೂ ಹೀಗೆಯೇ ಎಂದಲ್ಲ. 2023ರ ಫೆಬ್ರವರಿಯಲ್ಲಿ ಹೈದರಾಬಾದ್‌ನ ಹುಸೇನ್ ಸಾಗರದ ದಂಡೆಯಲ್ಲಿ ನಡೆದ ಫಾರ್ಮುಲಾ ಇ ವಿದ್ಯುತ್ ಕಾರುಗಳ ಟೈರ್‌ಗೆ ಕಚ್ಚುಗಳಿವೆ, ಮಳೆಗೂ ಬಿಸಿಲಿಗೂ ಅದೇ ಟೈರ್, ಬದಲಾವಣೆಯೂ ಇಲ್ಲ. ಕರ್ನಾಟಕದ ಕೆ-1000 ರ‍್ಯಾಲಿಯಂತಹ ಮಣ್ಣು ದಾರಿಯ ಸ್ಪರ್ಧೆಗಳಲ್ಲಿ ಟೈರ್ ಮಣ್ಣನ್ನು ಕಚ್ಚಿ ಹಿಡಿಯಬೇಕಾದ್ದರಿಂದ ಬೋಳು ಟೈರ್ ಕೆಲಸಕ್ಕೇ ಬಾರದು.

ಕೊನೆಯದಾಗಿ ರೀಟ್ರೆಡ್ ಪ್ರಶ್ನೆ. ಇಲ್ಲ, ಮಾಡುವುದಿಲ್ಲ. ಲಾರಿ, ಬಸ್ಸುಗಳ ಟೈರ್‌ನಲ್ಲಿ ಮೇಲಿನ ರಬ್ಬರ್ ಸವೆದರೂ ಒಳಗಿನ ಕವಚ ಗಟ್ಟಿಯಾಗಿರುತ್ತದೆ. ಅದರ ಮೇಲೆ ಹೊಸ ಪದರ ಕೂರಿಸಿದರೆ ಇನ್ನೂ ಸಾವಿರಾರು ಕಿ.ಮೀ. ಓಡುತ್ತದೆ. ರೇಸ್ ಟೈರ್‌ನ ಕವಚವನ್ನು ತೂಕ ಉಳಿಸಲೆಂದು ತೆಳ್ಳಗೆ ಮಾಡಿರುತ್ತಾರೆ, ಅದೂ ಒಂದೇ ರೇಸ್‌ನಲ್ಲಿ ವಿಪರೀತ ಶಾಖ ಮತ್ತು ಒತ್ತಡ ತಿಂದಿರುತ್ತದೆ. ಅದರ ಮೇಲೆ ಹೊಸ ಪದರ ಹಾಕಿ 300 ಕಿ.ಮೀ. ವೇಗದಲ್ಲಿ ಓಡಿಸುವ ಧೈರ್ಯ ಯಾರೂ ಮಾಡಲಾರರು. ಅಲ್ಲದೆ ಆ ಟೈರ್‌ಗಳು ತಂಡಗಳ ಸ್ವತ್ತೇ ಅಲ್ಲ. ಅವನ್ನು ಪಿರೆಲಿ ಕಂಪನಿ ರೇಸ್‌ಗೆಂದು ಕೊಟ್ಟಿರುತ್ತದೆ, ರೇಸ್ ಮುಗಿದ ಮೇಲೆ ಬಳಸಿದ್ದನ್ನೂ ಬಳಸದ್ದನ್ನೂ ಲೆಕ್ಕ ಮಾಡಿ ವಾಪಸ್ ಪಡೆದು, ಸವೆದ ಟೈರ್‌ಗಳನ್ನು ಪರೀಕ್ಷಿಸಿ ವಿಲೇವಾರಿಗೆ ಕಳುಹಿಸುತ್ತದೆ.