ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದವರು ಅಲ್ಲಿ ಹೆಡ್ ಕೋಚ್ ಆಗುವುದು ಹೇಗೆ?

ಓದುಗರ ಪ್ರಶ್ನೆ: ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಹೆಡ್ ಕೋಚ್ ಆಂಡಿ ರೀಡ್ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲವಂತೆ. ಹಾಗಿದ್ದಮೇಲೆ ಪ್ಯಾಟ್ರಿಕ್ ಮಹೋಮ್ಸ್‌ನಂಥ ಆಟಗಾರನಿಗೆ ಅವರು ಏನು ತಾನೇ ಹೇಳಿಕೊಟ್ಟಾರು? ಹಳೆಯ ದಿಗ್ಗಜರಲ್ಲೇ ಒಬ್ಬರನ್ನು ಕರೆತಂದು ಕೂರಿಸಬಾರದೇ?

ಪ್ರತಿ ವರ್ಷ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮುಗಿದ ವಾರ ಈ ಪ್ರಶ್ನೆ ಬರುತ್ತದೆ. ಕೋಚ್‌ಗಳನ್ನು ಕಿತ್ತುಹಾಕುವ ಜನವರಿಯಲ್ಲಿ ಇನ್ನೊಮ್ಮೆ ಬರುತ್ತದೆ. ಹಿಂದೆ ಕೊಟ್ಟ ಉತ್ತರಗಳನ್ನು ಯಾರೂ ಹುಡುಕಿ ಓದುವುದಿಲ್ಲವಾದ್ದರಿಂದ ಈ ಸಲ ಕೊಂಚ ಉದ್ದಕ್ಕೇ ಬರೆಯುತ್ತಿದ್ದೇನೆ.

ಚುಟುಕು ಉತ್ತರ ಇಷ್ಟು: ಹೌದು, ರೀಡ್ ಎನ್‌ಎಫ್‌ಎಲ್ ಆಡಿಲ್ಲ. ಲಾಸ್ ಏಂಜಲೀಸ್‌ನ ಹುಡುಗ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡದಲ್ಲಿ ಎದುರಾಳಿಗಳನ್ನು ತಡೆದು ನಿಲ್ಲುವ ಅಫೆನ್ಸಿವ್ ಲೈನ್‌ಮನ್ ಆಗಿದ್ದರು, ಅಷ್ಟೇ. 1982ರಲ್ಲಿ ಅಲ್ಲಿಯ ಕೋಚ್ ಲವೆಲ್ ಎಡ್ವರ್ಡ್ಸ್ ಅವರ ಕೈಕೆಳಗೆ ಗ್ರಾಜುಯೇಟ್ ಅಸಿಸ್ಟೆಂಟ್ ಆದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್, ನಾರ್ದರ್ನ್ ಅರಿಜೋನಾ, ಎಲ್ ಪಾಸೋದ ಟೆಕ್ಸಸ್ ವಿಶ್ವವಿದ್ಯಾಲಯ, ಮಿಸೌರಿ. ಹೆಚ್ಚಿನ ಕಡೆ ಕೆಲಸ ಅದೇ, ಲೈನ್‌ಮನ್‌ಗಳಿಗೆ ಕಾಲಿಡುವುದು, ಕೈ ಹಾಕುವುದು ಕಲಿಸುವುದು. 1992ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ನ ಹೆಡ್ ಕೋಚ್ ಮೈಕ್ ಹೋಮ್‌ಗ್ರೆನ್ ರೀಡ್ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಅಲ್ಲಿ ಟೈಟ್ ಎಂಡ್‌ಗಳ ಕೋಚ್, 1997ರಿಂದ ಬ್ರೆಟ್ ಫಾರ್ವ್ ಅವರಿಗೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೋಚ್. 1999ರ ಜನವರಿಯಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಅವರನ್ನು ಹೆಡ್ ಕೋಚ್ ಮಾಡಿತು. ಆಗ ವಯಸ್ಸು 40. ಅಲ್ಲಿಯವರೆಗೆ ಎನ್‌ಎಫ್‌ಎಲ್‌ನಲ್ಲಿ ಅವರು ಕೋಆರ್ಡಿನೇಟರ್ (ದಾಳಿ ಅಥವಾ ರಕ್ಷಣೆಯ ಹೊಣೆ ಹೊತ್ತ ಸಹಾಯಕ ಕೋಚ್) ಕೂಡ ಆಗಿರಲಿಲ್ಲ. ಇವತ್ತು ಮೂರು ಸೂಪರ್ ಬೌಲ್ ಗೆದ್ದವರು, ಪ್ಲೇಆಫ್ (ಕೊನೆಯ ನಾಕೌಟ್ ಹಂತ) ಸೇರಿ 300 ಗೆಲುವು ದಾಟಿದ ನಾಲ್ವರಲ್ಲಿ ಒಬ್ಬರು, ಎರಡು ಬೇರೆ ಬೇರೆ ತಂಡಗಳಿಗೆ ತಲಾ ನೂರಕ್ಕೂ ಹೆಚ್ಚು ಗೆಲುವು ತಂದುಕೊಟ್ಟ ಒಬ್ಬರೇ ಒಬ್ಬರು.

ಇನ್ನು ಆ ನಂಬಿಕೆಯ ವಿಷಯ. "ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗಬಲ್ಲ." ಎಷ್ಟು ಸಲ ಬೇರು ಕಿತ್ತರೂ ಮತ್ತೆ ಚಿಗುರುವ ಮಾತು ಇದು.

ಮೊದಲು ಹೆಸರುಗಳನ್ನೇ ನೋಡಿ. ಸೂಪರ್ ಬೌಲ್ ಗೆದ್ದವರಿಗೆ ಕೊಡುವ ಟ್ರೋಫಿಗೆ ಪ್ಯಾಕರ್ಸ್ ಕೋಚ್ ಆಗಿದ್ದ ವಿನ್ಸ್ ಲೊಂಬಾರ್ಡಿ ಹೆಸರಿದೆ. ಅವರು ಫೋರ್ಡಮ್ ಕಾಲೇಜಿನಲ್ಲಿ ಗಾರ್ಡ್ ಆಗಿ ಆಡಿದವರು, ಎನ್‌ಎಫ್‌ಎಲ್ ಆಡಿದವರಲ್ಲ. ನ್ಯೂಜೆರ್ಸಿಯ ಸೇಂಟ್ ಸಿಸಿಲಿಯಾ ಹೈಸ್ಕೂಲಿನಲ್ಲಿ ಲ್ಯಾಟಿನ್, ಭೌತಶಾಸ್ತ್ರ, ರಸಾಯನಶಾಸ್ತ್ರ ಪಾಠ ಮಾಡುತ್ತ, ಸಂಜೆ ಮಕ್ಕಳನ್ನು ಆಡಿಸುತ್ತಿದ್ದ ಮೇಷ್ಟ್ರು. ಹೆಡ್ ಕೋಚ್ ಆಗಿ ಆರು ಸೂಪರ್ ಬೌಲ್ ಗೆದ್ದ ಬಿಲ್ ಬೆಲಿಚಿಕ್ ಆಡಿದ್ದು ವೆಸ್ಲಿಯನ್ ಎಂಬ ಚಿಕ್ಕ ಕಾಲೇಜಿಗೆ. 1975ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ನಲ್ಲಿ ಅವರ ಕೆಲಸ ಶುರುವಾದಾಗ ಸಂಬಳ ವಾರಕ್ಕೆ 25 ಡಾಲರ್, ಕೆಲಸ ಫಿಲ್ಮ್ ನೋಡಿ ಬರೆದುಕೊಳ್ಳುವುದು. ಹೆಸರಾಂತ ಕೋಚ್‌ಗಳಲ್ಲಿ ಬಿಲ್ ವಾಲ್ಶ್ ಆಡಿಲ್ಲ. ಜೋ ಗಿಬ್ಸ್ ಆಡಿಲ್ಲ. ಬಿಲ್ ಪಾರ್ಸೆಲ್ಸ್ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು) ಆಯ್ಕೆಯಾದರು, ಆದರೆ ಒಂದು ಪಂದ್ಯವನ್ನೂ ಆಡಲಿಲ್ಲ. ಜಾನ್ ಮ್ಯಾಡನ್ ಮೊಣಕಾಲಿನ ಗಾಯದಿಂದ ಕಣಕ್ಕಿಳಿಯುವ ಮೊದಲೇ ಆಟ ಬಿಟ್ಟರು. ಇವರಲ್ಲಿ ಯಾರನ್ನೂ ಅಪವಾದ ಎನ್ನಲಾಗದು. ಈ ಆಟದ ಕೋಚಿಂಗ್ ಚರಿತ್ರೆಯ ಬೆನ್ನೆಲುಬೇ ಇವರು.

ಈಗ ಎದುರು ಕಡೆ. ನಾರ್ಮ್ ವ್ಯಾನ್ ಬ್ರಾಕ್ಲಿನ್ 1960ರಲ್ಲಿ ಈಗಲ್ಸ್‌ಗೆ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ಕ್ವಾರ್ಟರ್‌ಬ್ಯಾಕ್. ಮರು ವರ್ಷವೇ ಮಿನೆಸೋಟ ವೈಕಿಂಗ್ಸ್‌ಗೆ ಹೆಡ್ ಕೋಚ್, ನಡುವೆ ಒಂದು ಮೆಟ್ಟಿಲೂ ಇಲ್ಲ. ಮುಂದೆ ಅಟ್ಲಾಂಟಾದಲ್ಲೂ ಕೋಚ್ ಆದರು. ಎಲ್ಲ ಸೇರಿ 66 ಗೆಲುವು, 100 ಸೋಲು, 7 ಡ್ರಾ. ಮೊದಲ ಎರಡು ಸೂಪರ್ ಬೌಲ್‌ಗಳ ಶ್ರೇಷ್ಠ ಆಟಗಾರ ಬಾರ್ಟ್ ಸ್ಟಾರ್, ಲೊಂಬಾರ್ಡಿಯವರ ಪಾಠಗಳನ್ನು ಕಿವಿಯಾರೆ ಕೇಳಿದವರು. ಅವರೇ 1975ರಿಂದ 1983ರವರೆಗೆ ಪ್ಯಾಕರ್ಸ್ ಕೋಚ್ ಆದಾಗ ಪ್ಲೇಆಫ್ ಕಂಡಿದ್ದು ಒಂದೇ ವರ್ಷ. ಮೈಕ್ ಸಿಂಗಲ್ಟರಿ ಹಾಲ್ ಆಫ್ ಫೇಮ್ ಲೈನ್‌ಬ್ಯಾಕರ್. ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಕೋಚ್ ಆಗಿ 18 ಗೆಲುವು, 22 ಸೋಲು.

"ಮೈಕ್ ಡಿಟ್ಕಾ ಇದ್ದಾರಲ್ಲ, ಆಡಿಯೂ ಗೆದ್ದರು, ಕೋಚ್ ಆಗಿಯೂ ಗೆದ್ದರು" ಎಂಬ ಆಕ್ಷೇಪ ಬಂದೇ ಬರುತ್ತದೆ. ಇದ್ದಾರೆ. ಆದರೆ ಡಿಟ್ಕಾ ಶಿಕಾಗೋ ಬೇರ್ಸ್ ಕೋಚ್ ಆಗುವ ಮೊದಲು ಡಲ್ಲಾಸ್‌ನಲ್ಲಿ ಟಾಮ್ ಲ್ಯಾಂಡ್ರಿ ಕೆಳಗೆ ಒಂಬತ್ತು ಸೀಸನ್ ಸಹಾಯಕರಾಗಿದ್ದರು. ಟೋನಿ ಡಂಜಿ ಕೂಡ ಆಟ ಬಿಟ್ಟ ಮೇಲೆ ವರ್ಷಾನುಗಟ್ಟಲೆ ಸಹಾಯಕರಾಗಿ ದುಡಿದೇ ಮೇಲೆ ಬಂದವರು. ಆಡಿದ್ದರಿಂದ ನಷ್ಟವಾಗುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಆಡಿದವರಾದರೂ, ಆಡದವರಾದರೂ ಗೆದ್ದ ಕೋಚ್‌ಗಳಲ್ಲಿ ಹೆಚ್ಚಿನವರು ಏರಿದ್ದು ಒಂದೇ ಏಣಿ. ವ್ಯಾನ್ ಬ್ರಾಕ್ಲಿನ್ ಅದನ್ನು ಹಾರಿ ಮೇಲೆ ಹೋಗಿ ಬಿದ್ದರು.

ನಮ್ಮಲ್ಲಿ ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ ಕ್ರಿಕೆಟ್. ದ್ರಾವಿಡ್ ಅವರನ್ನು ಕಂಡ ಕಣ್ಣಿಗೆ ಕೋಚ್ ಎಂದರೆ ಹಾಗೇ ಇರಬೇಕು ಅನಿಸುತ್ತದೆ, ಸಹಜ. ಆದರೆ ಆಸ್ಟ್ರೇಲಿಯಾ 2003 ಮತ್ತು 2007ರ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದ ಜಾನ್ ಬುಕಾನನ್ ಆಡಿದ್ದು ಏಳೇ ಏಳು ಪ್ರಥಮ ದರ್ಜೆ ಪಂದ್ಯ. ಅದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕ್ರಿಕೆಟ್‌ನಲ್ಲಿ ಚೆಂಡು ಬೀಳುವಾಗ ನಿರ್ಧಾರ ಬ್ಯಾಟರ್‌ನದು, ಫೀಲ್ಡ್ ನಿಲ್ಲಿಸುವುದು ಕ್ಯಾಪ್ಟನ್‌ನದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ತಂಡ ಪಂದ್ಯಕ್ಕೆ ಸುಮಾರು 60–65 ಸಲ ಚೆಂಡು ಎತ್ತುತ್ತದೆ, ಒಂದೊಂದಕ್ಕೂ 'ಪ್ಲೇ' ಎನ್ನುತ್ತಾರೆ. ಪ್ರತಿ ಸಲವೂ ಹನ್ನೊಂದು ಜನ ಎಲ್ಲಿ ನಿಲ್ಲಬೇಕು, ಯಾರು ಎತ್ತ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದು ಗೆರೆಯಾಚೆ ನಿಂತವರ ಬಾಯಿಂದ ಬರುತ್ತದೆ. ಹಸಿರು ಚುಕ್ಕೆ ಅಂಟಿಸಿದ ಹೆಲ್ಮೆಟ್‌ನೊಳಗೆ ರೇಡಿಯೋ ಇರುತ್ತದಲ್ಲ, ಮುಂದಿನ ಪ್ಲೇ ಶುರು ಮಾಡಲು ಇರುವ ಗಡುವಿನ ಗಡಿಯಾರ (ಪ್ಲೇ ಕ್ಲಾಕ್) 40ರಿಂದ ಇಳಿಯುತ್ತ 15ಕ್ಕೆ ಬಂದಾಗ ಅದು ಕಡಿತವಾಗುತ್ತದೆ. ಕೋಚ್‌ಗೆ ಸಿಗುವುದು 25 ಸೆಕೆಂಡು. ಅಷ್ಟರಲ್ಲಿ ಆರಿಸಿ, ಹೇಳಿ, ಆಟಗಾರನಿಗೆ ಅರ್ಥವಾಗಬೇಕು. ಚೆಂಡು ಎಸೆಯುವ ತೋಳು ಇಲ್ಲಿ ಕೆಲಸಕ್ಕೆ ಬಾರದು.

ಆ 25 ಸೆಕೆಂಡಿನ ಹಿಂದಿನ ಕೆಲಸ ಏನು ಎಂದು ತಿಳಿದರೆ ಪ್ರಶ್ನೆಯೇ ಕರಗುತ್ತದೆ. ಏಣಿಯ ಅತಿ ಕೆಳಗಿನ ಮೆಟ್ಟಿಲಿಗೆ ಕ್ವಾಲಿಟಿ ಕಂಟ್ರೋಲ್ ಎನ್ನುತ್ತಾರೆ. ಮುಂದಿನ ಎದುರಾಳಿಯ ಕಳೆದ ನಾಲ್ಕು ಪಂದ್ಯಗಳ ಫಿಲ್ಮ್ ತೆಗೆದುಕೊಂಡರೆ ಒಂದು ಕಡೆಯದೇ ಸುಮಾರು 250 ಪ್ಲೇ. ಪ್ರತಿಯೊಂದಕ್ಕೂ ಎಷ್ಟನೇ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಎಷ್ಟನೆಯದು), ಎಷ್ಟು ಯಾರ್ಡ್ ಬೇಕಿತ್ತು, ಚೆಂಡು ಯಾವ ಹ್ಯಾಶ್ ಗೆರೆಯ ಮೇಲಿತ್ತು, ಅಫೆನ್ಸ್‌ನ ಆಟಗಾರರ ಜೋಡಣೆ ಯಾವುದು, ಮೋಷನ್ (ಪ್ಲೇ ಶುರುವಾಗುವ ಮೊದಲೇ ಒಬ್ಬ ಆಟಗಾರ ಜಾಗ ಬದಲಿಸುವುದು) ಇತ್ತೇ, ರಕ್ಷಣೆಯ ಹಿಂದಿನ ಸಾಲಿನವರು ಯಾವ ಕವರೇಜ್ (ಕಾವಲಿನ ವಿಧಾನ) ಆಡಿದರು, ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವುದು) ಬಂತೇ, ಫಲಿತಾಂಶ ಏನು ಎಂದು ದಾಖಲಿಸಬೇಕು. ಜೋಡಣೆಗೆ ಎರಡಂಕಿಯ ಗುರುತಿದೆ: ಮೊದಲ ಅಂಕಿ ರನ್ನಿಂಗ್ ಬ್ಯಾಕ್‌ಗಳು, ಎರಡನೆಯದು ಟೈಟ್ ಎಂಡ್‌ಗಳು. '12' ಎಂದರೆ ಒಬ್ಬ ರನ್ನಿಂಗ್ ಬ್ಯಾಕ್, ಇಬ್ಬರು ಟೈಟ್ ಎಂಡ್. ಇಲ್ಲಿ ಒಂದು ಕಾಲಂ ತಪ್ಪು ತುಂಬಿದರೆ ವಾರದ ಲೆಕ್ಕಾಚಾರವೆಲ್ಲ ತಪ್ಪು ದಾರಿ ಹಿಡಿಯುತ್ತದೆ, ಭಾನುವಾರ ಮೈದಾನದಲ್ಲಿ ಅದು ಬಯಲಾಗುತ್ತದೆ. ಆಮೇಲೆ ವಾರದ ಪಾಠ. ಸಾಮಾನ್ಯವಾಗಿ ಬುಧವಾರ ಮೊದಲ ಮತ್ತು ಎರಡನೇ ಡೌನ್‌ಗೆ, ಗುರುವಾರ ಮೂರನೇ ಡೌನ್‌ಗೆ, ಶುಕ್ರವಾರ ಕೊನೆಯ 20 ಯಾರ್ಡ್‌ಗಳಿಗೆ. ಶನಿವಾರ ನಡಿಗೆಯಲ್ಲೇ ಒಂದು ಸುತ್ತು. ಪಂದ್ಯದ ಮೊದಲ 15 ಪ್ಲೇಗಳನ್ನು ಮುಂಚೆಯೇ ಬರೆದಿಟ್ಟುಕೊಳ್ಳುವ ಪದ್ಧತಿ ವಾಲ್ಶ್ ಅವರಿಂದ ಹೆಸರಾಯಿತು. ಫಾರ್ಟಿನೈನರ್ಸ್‌ನಲ್ಲಿ ವಾಲ್ಶ್ ಕೈಕೆಳಗಿದ್ದ ಹೋಮ್‌ಗ್ರೆನ್ ಅವರಿಗೆ, ಅವರಿಂದ ರೀಡ್ ಅವರಿಗೆ ಅದು ಇಳಿದುಬಂತು.

ಇದರ ಫಲ ಹೇಗಿರುತ್ತದೆ ಎಂಬುದಕ್ಕೆ 2023ರ ಫೆಬ್ರವರಿಯ ಸೂಪರ್ ಬೌಲ್ ನೋಡಿ, ಚೀಫ್ಸ್ 38, ಈಗಲ್ಸ್ 35. ಆ ಸೀಸನ್‌ನ ಆರಂಭದಲ್ಲಿ ಜಾಕ್ಸನ್‌ವಿಲ್ ತಂಡ ಈಗಲ್ಸ್ ಎದುರು ಆಡಿದ್ದ ಪಂದ್ಯದ ಫಿಲ್ಮ್‌ನಲ್ಲಿ ಚೀಫ್ಸ್ ಕೋಚ್‌ಗಳಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಗೋಲ್ ಗೆರೆಯ ಹತ್ತಿರ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಒಳಗಡೆಗೆ ಮೋಷನ್‌ನಲ್ಲಿ ಓಡಿದರೆ, ಅವನನ್ನು ಕಾಯುತ್ತಿದ್ದವನು ಬೆನ್ನು ಹತ್ತುವುದಿಲ್ಲ. ಆಚೆ ಬದಿಯವನಿಗೆ ವಹಿಸಿ ಎಲ್ಲರೂ ಒಂದು ಸ್ಥಾನ ಜರುಗುತ್ತಾರೆ. ಹಾಗೆ ಜರುಗುವ ಕ್ಷಣದಲ್ಲೇ ರಿಸೀವರ್ ಗಕ್ಕನೆ ನಿಂತು ಬಂದ ದಾರಿಗೇ ತಿರುಗಿದರೆ? ಆ ಮೂಲೆಯಲ್ಲಿ ಯಾರೂ ಇರುವುದಿಲ್ಲ. ನಾಲ್ಕನೇ ಕ್ವಾರ್ಟರ್‌ನಲ್ಲಿ ಒಮ್ಮೆ ಒಂದು ಬದಿಗೆ ಕಡಾರಿಯಸ್ ಟೋನಿ, ಇನ್ನೊಮ್ಮೆ ಎದುರು ಬದಿಗೆ ಸ್ಕೈ ಮೂರ್. ಎರಡು ಟಚ್‌ಡೌನ್, ಎರಡರಲ್ಲೂ ಸುತ್ತ ನರಪಿಳ್ಳೆ ಇಲ್ಲ. ಆ ಜಾಕ್ಸನ್‌ವಿಲ್ ತಂಡದ ಕೋಚ್ ಡಗ್ ಪೀಡರ್ಸನ್, ರೀಡ್ ಅವರದೇ ಶಿಷ್ಯ. 2009ರಲ್ಲಿ ಈಗಲ್ಸ್‌ನಲ್ಲಿ ಕ್ವಾಲಿಟಿ ಕಂಟ್ರೋಲ್ ಮೆಟ್ಟಿಲಿನಿಂದ ಎನ್‌ಎಫ್‌ಎಲ್ ಕೋಚಿಂಗ್ ಶುರು ಮಾಡಿದವರು. ಒಂದು ಸೂಪರ್ ಬೌಲ್ ಹೀಗೆ ಕತ್ತಲೆ ಕೋಣೆಯಲ್ಲಿ ಕುಳಿತು ನೋಡಿದ ಫಿಲ್ಮ್‌ನಿಂದ ತಿರುಗಿತು ಎಂದರೆ ಈ ಕಸುಬಿನ ಬಗ್ಗೆ ಹೆಮ್ಮೆ ಪಡಬೇಕು.

"ಮಹೋಮ್ಸ್‌ಗೆ ಏನು ಹೇಳಿಕೊಟ್ಟಾರು" ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಎಸೆಯುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. 2020ರ ಸೂಪರ್ ಬೌಲ್‌ನಲ್ಲಿ ಚೀಫ್ಸ್ 10–20ರಿಂದ ಹಿಂದಿದ್ದಾಗ, ಮೂರನೇ ಡೌನ್‌ಗೆ 15 ಯಾರ್ಡ್ ಬೇಕಿದ್ದಾಗ, 'ವಾಸ್ಪ್' ಎಂಬ ಪ್ಲೇ ಆಡಲು ಸಮಯ ಸಿಗುತ್ತದಾ ಎಂದು ಅವನೇ ಕೋಆರ್ಡಿನೇಟರ್ ಎರಿಕ್ ಬಿಯೆನಿಮಿ ಅವರನ್ನು ಕೇಳಿದ. ಆ ಪ್ಲೇ ಅರಳಲು ಹೊತ್ತು ಬೇಕು, ಅಲ್ಲಿಯವರೆಗೆ ಲೈನ್ ತಡೆದು ನಿಲ್ಲಬೇಕು, ಅದು ಅವನಿಗೆ ಗೊತ್ತಿತ್ತು. 44 ಯಾರ್ಡ್ ಸಿಕ್ಕಿತು, ಪಂದ್ಯ 31–20ಕ್ಕೆ ಮುಗಿಯಿತು. ಆಟಗಾರ ಇಂಥ ಪ್ರಶ್ನೆ ಕೇಳುವಂತಾಗುವುದೇ ಕೋಚಿಂಗ್.

ಇದರ ಬೆನ್ನಿಗೇ ಬರಬೇಕಾದ, ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ: ಆಟಗಾರರನ್ನು ಆರಿಸುವವರು ಯಾರು? ಕೋಚ್‌ನ ಕರಿಯರ್ ಹಾಳಾಗುವುದು ಬಹಳ ಸಲ ಪ್ಲೇ ಆಯ್ಕೆಯಿಂದಲ್ಲ, ಇದರಿಂದ.

ಫಿಲಡೆಲ್ಫಿಯಾದಲ್ಲಿ ರೀಡ್ ಅವರ ಮೊದಲ ವರ್ಷ 5–11, ಅಂದರೆ 5 ಗೆಲುವು, 11 ಸೋಲು. ಅದೇ ವರ್ಷ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಆರಿಸಿದ ಡಾನವನ್ ಮೆಕ್‌ನ್ಯಾಬ್ ಅವರನ್ನು ಈಗಲ್ಸ್ ಅಭಿಮಾನಿಗಳೇ ಕೂಗಿ ಗೇಲಿ ಮಾಡಿದ್ದರು. ಮರು ವರ್ಷ 11–5. 2001ರಿಂದ ರೀಡ್ ಅವರಿಗೆ ಕೋಚಿಂಗ್ ಜೊತೆಗೆ ಆಟಗಾರರ ಆಯ್ಕೆಯ ಅಧಿಕಾರವೂ ಬಂತು. 2001ರಿಂದ 2004ರವರೆಗೆ ಸತತ ನಾಲ್ಕು ಸಲ ಕಾನ್ಫರೆನ್ಸ್ ಫೈನಲ್ (ಸೂಪರ್ ಬೌಲ್‌ಗೆ ಮೊದಲಿನ ಪಂದ್ಯ), ಒಂದು ಸೂಪರ್ ಬೌಲ್, ಅದೂ ಬೆಲಿಚಿಕ್ ತಂಡದ ಎದುರು 21–24ರ ಸೋಲು. ಹೊರನೋಟಕ್ಕೆ ಎಲ್ಲ ಚೆನ್ನಾಗಿತ್ತು. ಆದರೆ ಸೀಸನ್ ನಡೆಯುವಾಗ ವಾರವಿಡೀ ಗೇಮ್ ಪ್ಲಾನ್‌ನಲ್ಲಿ ಮುಳುಗಿರುವವರಿಗೆ ಕಾಲೇಜು ಆಟಗಾರರನ್ನು ನೋಡಲು ಶನಿವಾರವೂ ಸಿಗುವುದಿಲ್ಲ. ಸಂಬಳದ ಮಿತಿಯೊಳಗೆ 53 ಜನರ ತಂಡ ಕಟ್ಟುವುದು ಪೂರ್ಣಾವಧಿಯ ಬೇರೆಯೇ ಕೆಲಸ. ತಾನು ಬೆಳೆಸಿದ ಆಟಗಾರನನ್ನು ತಾನೇ ಕೈಬಿಡುವುದೂ ಕೋಚ್‌ಗೆ ಕಷ್ಟ. 2012ರಲ್ಲಿ 4–12 ಆಯಿತು, ಕೆಲಸ ಹೋಯಿತು.

ಒಂದು ವಾರದೊಳಗೆ ಕಾನ್ಸಾಸ್ ಸಿಟಿ ಅವರನ್ನು ಕರೆಯಿತು. ಹಿಂದಿನ ಸೀಸನ್‌ನಲ್ಲಿ 2–14 ಆಗಿದ್ದ ತಂಡ ಅದು. ಈ ಸಲ ಆಯ್ಕೆಯ ಹೊಣೆ ಜನರಲ್ ಮ್ಯಾನೇಜರ್ ಜಾನ್ ಡಾರ್ಸಿಯವರದು. ರೀಡ್ ಕೋಚ್ ಮಾತ್ರ. ಇಬ್ಬರೂ ನೇರವಾಗಿ ಮಾಲೀಕ ಕ್ಲಾರ್ಕ್ ಹಂಟ್ ಅವರಿಗೆ ಉತ್ತರ ಕೊಡುವ ಏರ್ಪಾಡು. ಮೊದಲ ವರ್ಷವೇ 11–5. ಬ್ರೆಟ್ ವೀಚ್ ಎಂಬ ಯುವಕ, ಹಿಂದೆ ಫಿಲಡೆಲ್ಫಿಯಾದಲ್ಲಿ ರೀಡ್ ಅವರ ಸಹಾಯಕನಾಗಿದ್ದವನು, ಕಾನ್ಸಾಸ್ ಸಿಟಿಯ ಆಯ್ಕೆ ವಿಭಾಗದಲ್ಲಿ ಕುಳಿತು ಟೆಕ್ಸಸ್ ಟೆಕ್‌ನ ಒಬ್ಬ ಕ್ವಾರ್ಟರ್‌ಬ್ಯಾಕ್‌ನ ಫಿಲ್ಮ್ ಕೋಚ್‌ಗೆ ಮತ್ತೆ ಮತ್ತೆ ತೋರಿಸಿದ. 2017ರ ಡ್ರಾಫ್ಟ್‌ನಲ್ಲಿ ಚೀಫ್ಸ್ 27ನೇ ಸ್ಥಾನದಿಂದ 10ಕ್ಕೆ ಏರಿತು. ಅದಕ್ಕೆ ತೆತ್ತ ಬೆಲೆ ಆ 27ನೇ ಆಯ್ಕೆ, ಒಂದು ಮೂರನೇ ಸುತ್ತಿನ ಆಯ್ಕೆ, ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆ. ಅದನ್ನೆಲ್ಲ ಪಡೆದುಕೊಂಡದ್ದು ಬಫಲೋ. ಅಲ್ಲಿಯ ಹೊಸ ಕೋಚ್ ಶಾನ್ ಮೆಕ್‌ಡರ್ಮಟ್ ಕೂಡ ರೀಡ್ ಬಳಿ ಪಳಗಿದವರೇ. ಅದೇ ಬೇಸಿಗೆಯಲ್ಲಿ ಡಾರ್ಸಿ ಹೋದರು, ವೀಚ್ ಜನರಲ್ ಮ್ಯಾನೇಜರ್ ಆದರು.

ಆ ಕ್ವಾರ್ಟರ್‌ಬ್ಯಾಕ್‌ನನ್ನು ರೀಡ್ ಕೂಡಲೇ ಕಣಕ್ಕಿಳಿಸಲಿಲ್ಲ. ಇಡೀ 2017 ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿ, ಕೊನೆಯ ಪಂದ್ಯವೊಂದನ್ನು ಮಾತ್ರ ಡೆನ್ವರ್‌ನಲ್ಲಿ ಆಡಿಸಿದರು. ಮರು ವರ್ಷ ಮಹೋಮ್ಸ್ 50 ಟಚ್‌ಡೌನ್ ಎಸೆದ.